ಯೀಶಾನಳ ಬಲಗಣ್ಣು

ಯೀಶಾನ್ ನಮ್ಮ ಶಿನ್‌ಕಾಂಗ್ ಊರಿನ ಊದುಬತ್ತಿ ಶೆಡ್ಡಿಗೆ ಬಂದು ಹತ್ತು ವರ್ಷವಾಗಿತ್ತು. ಕಡ್ಡಿಯ ಕಟ್ಟನ್ನು ಬೀಸಣಿಗೆಯಂತೆ ಬಿಚ್ಚಿ ಗಂಧದ ಪುಡಿಯಲ್ಲಿ ಹೊರಳಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆ ಪುಡಿಯೇ ಅವಳ ಕಣ್ಣಿಗೆ ಶನಿಯಾಯಿತು. ತುರಿಕೆಗೆಂದು ಯಾರನ್ನೂ ಕೇಳದೆ ವರ್ಷಗಟ್ಟಲೆ ಹಾಕಿಕೊಂಡ ಹನಿಮದ್ದಿನಿಂದ ಕಣ್ಣಿನೊಳಗಿನ ಒತ್ತಡ ಏರಿ, ಎಡಗಣ್ಣು ಆಗಲೇ ಹೋಗಿತ್ತು.

ನಮ್ಮ ಚಾಂದ್ರಮಾನದ ಆರನೇ ತಿಂಗಳ ಕೊನೆಯಲ್ಲಿ ಅವಳನ್ನು ಡಾಕ್ಟರ್ ಲಿಯಾವ್ ಹತ್ತಿರ ಕರೆದೊಯ್ದವಳು ನಾನೇ.

“ಬಲಗಣ್ಣಿನ ಮುಂದಿನ ಪದರ ತೆಳುವಾಗಿ ಉಬ್ತಾ ಇದೆ. ಅದಕ್ಕೆ ಬೇರೆ ಮದ್ದು ಹಾಕಿ, ನೇರಳೆ ಬೆಳಕು ಹಾಯಿಸಿ ಗಟ್ಟಿ ಮಾಡ್ತೀನಿ. ಇನ್ನೂ ತೆಳುವಾದ್ರೆ ಅದೂ ಆಗಲ್ಲ. ಮುಂದಿನ ವಾರನೇ ಬನ್ನಿ, ಉಜ್ಜಬೇಡಿ” ಎಂದರು ಡಾಕ್ಟರು.

ಮುಂದಿನ ವಾರವೆಂದರೆ ಏಳನೇ ತಿಂಗಳು. ಸತ್ತವರ ಲೋಕದ ಬಾಗಿಲು ತೆರೆದು ದೆವ್ವಗಳು ಓಡಾಡುವ ಆ ತಿಂಗಳಲ್ಲಿ ನಮ್ಮವರು ಮದುವೆ ಮಾಡುವುದಿಲ್ಲ, ಮನೆ ಬದಲಿಸುವುದಿಲ್ಲ, ಆಪರೇಷನ್ ಟೇಬಲ್ಲಿನ ಮೇಲಂತೂ ಮಲಗುವುದೇ ಇಲ್ಲ.

“ಒಂದು ತಿಂಗಳು ತಡಿ ಕಣೇ. ಇರೋದೊಂದು ಕಣ್ಣು, ಅದನ್ನೂ ದೆವ್ವಗಳ ಬಾಯಿಗೆ ಹಾಕ್ತೀಯಾ?” ಎಂದೆ.

“ಡಾಕ್ಟ್ರು ಬೇಗ ಅಂದ್ರಲ್ಲಕ್ಕಾ?”

“ಡಾಕ್ಟ್ರಿಗೇನು ಗೊತ್ತು? ಅವರ ಕಣ್ಣಾ ಹೋಗೋದು?”

ಅವಳು ಕಾದಳು. ಆದರೆ ಊದುಬತ್ತಿಗೆ ಎಲ್ಲಿಲ್ಲದ ಬೇಡಿಕೆ ಬರುವುದೂ ಅದೇ ತಿಂಗಳು. ಶೆಡ್ಡಿನ ತುಂಬ ಹಳದಿ ಪುಡಿ. ಕೈ ಕಣ್ಣಿಗೆ ಹೋದಾಗಲೆಲ್ಲ ನಾನು ಗದರುತ್ತಿದ್ದೆ; ಅವಳು ಬೆನ್ನು ತಿರುಗಿಸಿ ಉಜ್ಜುತ್ತಿದ್ದಳು. ಇಪ್ಪತ್ತನೇ ದಿನ, ಎದುರಿಗೇ ನಿಂತಿದ್ದ ನನ್ನನ್ನು “ಯಾರದು?” ಎಂದು ಕೇಳಿದಳು. ಆದರೂ ಆಸ್ಪತ್ರೆಗೆ ಹೋಗೋಣ ಎನ್ನಲು ಧೈರ್ಯ ಬರಲಿಲ್ಲ. ಇನ್ನು ಒಂಬತ್ತೇ ದಿನ ಎಂದು ದಿನ ಎಣಿಸಿದೆ.

ಎಂಟನೇ ತಿಂಗಳ ಮೊದಲ ದಿನವೇ ಹೋದೆವು. ಡಾಕ್ಟರು ಪದರ ಅಳೆದರು, ಮತ್ತೊಮ್ಮೆ ಅಳೆದರು.

“ಈಗ ಬೆಳಕು ಬಿಟ್ರೆ ಕಣ್ಣಿನ ಒಳಗೇ ಸುಡುತ್ತೆ. ಬೇರೆಯವರ ಪದರ ಕಸಿ ಮಾಡಬಹುದು. ಆದ್ರೆ ಆಮೇಲೆ ತಿಂಗಳುಗಟ್ಟಲೆ ಹಾಕೋ ಹನಿ, ಎಡಗಣ್ಣು ಹಾಳು ಮಾಡಿದ ಮದ್ದಿನ ಜಾತೀದೇ, ಇದರಲ್ಲೂ ಒತ್ತಡ ಏರುತ್ತೆ” ಎಂದು ಕುರ್ಚಿ ಹಿಂದೆ ಸರಿಸಿದರು. “ಯಾರಮ್ಮ ನಿಮಗೆ ಕಾಯೋಕೆ ಹೇಳಿದ್ದು?”

ಯೀಶಾನ್ ನನ್ನ ಕಡೆ ತಿರುಗಲೂ ಇಲ್ಲ.

“ಯಾರೂ ಇಲ್ಲ ಡಾಕ್ಟ್ರೇ, ನಾನೇ ಹೆದರ್ಕೊಂಡೆ” ಎಂದಳು.