ನಿಂಬೆರಸದಲ್ಲಿ ಹನ್ನೊಂದು ಬಸವನಹುಳು

ಕಟ್ಟೆಮಳಲವಾಡಿ ಕಡೆಯ ನಮ್ಮ ಹೊಲದಲ್ಲಿ ಕೃಷಿ ಹೊಂಡ ತೋಡಿಸಿದ್ದೆವು. ಆ ಮಣ್ಣನ್ನು ಹೊಗೆಸೊಪ್ಪಿನ ಸಸಿಮಡಿಗೆಂದು ಜರಡಿ ಹಿಡಿಯುವಾಗ ಅವು ಸಿಕ್ಕಿದವು. ಸಿಕ್ಕಿದ್ದು ನನಗಲ್ಲ, ಬಹಳ ವರ್ಷಗಳಿಂದ ನಮ್ಮಲ್ಲಿ ಕೆಲಸಕ್ಕೆ ಬರುವ, ನನಗಿಂತ ಹಿರಿಯಳಾದ ಹೆಂಗಸಿಗೆ. ರಾಗಿಕಾಳಿಗಿಂತ ತುಸು ದೊಡ್ಡ ಬಸವನಹುಳುಗಳು, ಹನ್ನೊಂದು. ಉಗುರು ತಾಗಿಸಿದರೆ ಕಲ್ಲು.

"ನೋಡ್ರವ್ವ, ಬಸವನುಳಕ್ಕೆ ಬಾಯಿ ಬಲಕ್ಕಿರ್ತದೆ. ಇವುಕ್ಕೆ ಎಡಕ್ಕದೆ," ಎಂದಳು.

ನಾನದನ್ನು ಗಮನಿಸಿರಲೇ ಇಲ್ಲ. ಸಣ್ಣದೆಲ್ಲ ಮೊದಲು ನನ್ನ ಕಣ್ಣಿಗೇ ಬೀಳುತ್ತದೆಂಬ ಜಂಬ ಬೇರೆ.

ಮೈಸೂರಿನಲ್ಲಿ ಭೂವಿಜ್ಞಾನ ಕಲಿಸುವ ನನ್ನ ಕಾನ್ವೆಂಟ್ ಗೆಳತಿಗೆ ಫೋಟೊ ಕಳಿಸಿದೆ. ಪಳೆಯುಳಿಕೆ ಇರಬಹುದು, ಭಾನುವಾರ ಬರುತ್ತೇನೆ, ಜೋಪಾನ ಎಂದಳು.

"ನಿಮ್ತಾವೇ ಇರ್ಲಿ ಕಣ್ರವ್ವ. ನಮ್ಮನೇಲಿ ಕೋಳಿ ತಿಂದಾಕ್ಬುಡ್ತವೆ," ಎಂದು ಆಕೆ ನನ್ನ ಬಟ್ಟಲಿಗೆ ಸುರಿದು ಹೋದಳು.

ಶನಿವಾರ ದೇವರ ಹಿತ್ತಾಳೆ ದೀಪ ತಿಕ್ಕಿ ಬೆಳಗಲು ನಿಂಬೆಹಣ್ಣು ಹಿಂಡಿದ್ದೆ. ಗೆಳತಿ ಬರುವಳಲ್ಲ, ಇವೂ ಬೆಳ್ಳಗಾಗಲಿ ಎಂದು ಬಟ್ಟಲಿಗೂ ಒಂದಿಷ್ಟು ಸುರಿದೆ. ಸಣ್ಣ ಗುಳ್ಳೆಗಳೆದ್ದವು. ಕೊಳೆ ಬಿಡುತ್ತಿದೆ ಎಂದುಕೊಂಡೆ! ಅಡುಗೆ ಮುಗಿಸಿ ಬಂದು ನೋಡಿದರೆ ತಳದಲ್ಲಿ ಬೂದುಬಣ್ಣದ ಪುಡಿ. ಹುಳಿ ಸೋಕಿದ ಸುಣ್ಣ ಏನಾಗುತ್ತದೆಂದು ಕಾನ್ವೆಂಟಿನಲ್ಲಿ ವಿಜ್ಞಾನದ ಸಿಸ್ಟರ್ ಸೀಮೆಸುಣ್ಣ ಹಾಕಿ ತೋರಿಸಿದ್ದರು. ಆ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು.

ಮನೆಗೆ ನೆಂಟರು ಬರುತ್ತಾರೆ, ಈ ವಾರ ಬೇಡ ಎಂದು ಗೆಳತಿಗೆ ಹೇಳಿದೆ; ಮುಂದಿನ ವಾರಗಳಲ್ಲೂ ಒಂದೊಂದು ನೆಪ. ಹುಳು ಹುಡುಕಿಕೊಟ್ಟ ಆಕೆಗೆ, "ಮೈಸೂರಿಗೆ ಕಳಿಸಿದೀನಿ, ಪರೀಕ್ಷೆ ಮಾಡ್ತಿದಾರೆ" ಎಂದೆ. ವಾರ ವಾರವೂ ಕೇಳುವಳು, "ಏನಂದ್ರವ್ವ ಮೈಸೂರೋರು?" ವಾರ ವಾರವೂ ನಾನು, "ನಿಧಾನವಂತೆ."

ಒಂದು ಬೆಳಿಗ್ಗೆ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಇನ್ನೂ ಏಳು.

"ಅವ್ರಿಗೆ ಸಾಲ್ದೇನೋ ಅಂತ ಬದುವೆಲ್ಲಾ ಬಗೆದೆ. ಮೊಮ್ಮಗಳ ಇಸ್ಕೂಲ್ ಮೇಷ್ಟ್ರಿಗೂ ಯೋಳಿವ್ನಿ, ನಮ್ ಬಸವನುಳ ಮೈಸೂರ್ಗೋಗವೆ ಅಂತ."

ಆಕೆಯ ಉಗುರುಗಳೊಳಗೆ ಇನ್ನೂ ಬಿಳಿ ಮಣ್ಣಿತ್ತು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ.

"ನಿಂಬೆಉಳಿಗೆ ಸುಣ್ಣ ನಿಂತದಾ ಅವ್ವ? ದಿನಾ ಎಲಡ್ಕೆಗೆ ಸುಣ್ಣ ಅಚ್ಚೋಳು, ನನ್ನ ಕೇಳಿದ್ರೆ ಯೋಳ್ತಿರ್ನಿಲ್ವಾ?" ಎಂದಳು. ಆಮೇಲೆ, "ಕರಗಿದ್ದು ಕರಗ್ತು ಬುಡಿ. ಸುಳ್ಳ್ಯಾಕೆ ಯೋಳುದ್ರಿ? ನಾ ಈಗ ಮೇಷ್ಟ್ರಿಗೆ ಏನಂತ ಯೋಳ್ಲಿ?"

"ತಪ್ಪಾಯ್ತು" ಎಂದು ಕೈ ಚಾಚಿದೆ. ಆ ಏಳನ್ನಾದರೂ ಕೊಡುವಳೆಂದು. ಆಕೆ ಗಂಟು ಬಿಗಿದುಕೊಂಡಳು.

"ನಿಮ್ ಗೆಳತಿಗೆ ಫೋನ್ ಅಚ್ಕೊಡಿ."

ಹಚ್ಚಿಕೊಟ್ಟೆ. "ಜರಡೀಲಿ ನಂಗೇ ಸಿಕ್ಕಿದ್ದು ಕಣ್ರವ್ವ, ನಾನೇ ತಕ್ಕಂಬತ್ತೀನಿ..." ಎನ್ನುತ್ತಾ ಆಕೆ ಅಂಗಳಕ್ಕಿಳಿದಳು. ಮಾತು ಮುಗಿಯುವವರೆಗೂ ನಾನು ಬಾಗಿಲ ಹಿಂದೆಯೇ ನಿಂತಿದ್ದೆ.