ಸಮುದ್ರಕ್ಕ ಉಗುಳಿದ್ದು

ಐರ್ಲೆಂಡಿನ ಈ ಬಂದರದಾಗ ಹಳೇ ಹಾಯಿಹಡಗೊಂದನ್ನ ನೋಡೋರಿಗಂತ ಕಟ್ಟಿ ನಿಲ್ಲಿಸ್ಯಾರ. ಹಿಂದ ಇಂಥಾವು ಕಲ್ಲಿದ್ದಲು ಹೇರಿಕೊಂಡು ಸಮುದ್ರದ ದಂಡಿಗುಂಟ ಊರೂರು ತಿರುಗುತ್ತಿದ್ದವಂತ. ಆಳುಗಳು ಮಲಗಾಕ ನಮ್ಮ ಜಮಖಂಡಿ ಮನಿ ಗ್ವಾಡಿಯ ಮಾಡದಷ್ಟು ಜಾಗ.

ಕೃಷ್ಣಾ ಹೊಳಿ ದಾಟುವಾಗ ಬಸ್ಸಿನಾಗ ಕುಂತೇ ಕೈ ಮುಗಿಯಾಕಿ ನಾನು. ಇದು ಉಪ್ಪುನೀರು, ಯಾರ ತಾಯಿನೂ ಅಲ್ಲ ಅಂತ ಹಡಗಿನ ಅಂಚಿನಿಂದ ಎಲಿಅಡಕಿ ಉಗುಳಿದೆ. ಬಗ್ಗಿ ನೋಡಿದರ ಕೆಳಗ ಬಿಳಿ ಹೂವಿನ ಮಾಲಿ ತೇಲಾಕತ್ತಿತ್ತು. ನನ್ನ ಉಗುಳು ಅದರ ಮ್ಯಾಲೇ ಬಿದ್ದಿತ್ತು.

ಸ್ವಲ್ಪ ದೂರ ನಿಂತಿದ್ದ ಈ ಊರಿನ ಮುದುಕಿ ಓಡಿ ಬಂದಳು. ಬೈತಾಳಂತ ಮಾಡಿದ್ದೆ. ಆಕಿ ನನ್ನ ಹಿಡಿದು ಕುಂದ್ರಿಸಿ, ತನ್ನ ಕೊರಳಿನ ವಸ್ತ್ರದಿಂದ ನನ್ನ ಬಾಯಿ ಒರಸಿದಳು.

“ನೀ ರಕ್ತ ಕಾರಿದಿ ಅಂದ್ಕೊಂಡಾಳಬೇ ಆಯಿ,” ಅಂದಳು ಇಲ್ಲೇ ನರ್ಸ್ ಆಗಿರುವ ನನ್ನ ಮೊಮ್ಮಗಳು. “ಆ ಹೂವು ಆಕೀವು. ಆಕಿ ಮುತ್ತಜ್ಜ ಇಂಥಾ ಹಡಗಿನಾಗ ಅಡಿಗಿ ಮಾಡಾಂವ, ಹಡಗಿನ ಸಂಗಾಟ ಮುಳುಗಿದನಂತ. ಈಗ ಖರೆ ಹೇಳ್ಲೇನು?”

“ರಕ್ತಾನೇ ಅನ್ನು,” ಅಂದೆ.

ಮುದುಕಿ ನನ್ನ ಬೆನ್ನು ನೀವಾಕತ್ತಿದಳು. ದವಡ್ಯಾಗ ಉಳಿದಿದ್ದ ಎಲಿಅಡಕಿ ಹಂಗೇ ನುಂಗಿದೆ.