ಮಂಚದಡಿಯ ನಾಲ್ಕು ಶಾಕ್

ಕೊಟ್ಟಾರದ ಆ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನೋಣಯ್ಯ ಮೂವತ್ತೆಂಟು ವರ್ಷದಿಂದ ನಿಂತಿದ್ದಾನೆ. ನಿಂತಿದ್ದಾನೆ ಅಂದರೆ ನಿಂತೇ ಇದ್ದಾನೆ; ಕೂತದ್ದನ್ನು ಕಂಡವರಿಲ್ಲ. ಕಣ್ಣು ಮುಚ್ಚಿ ಕ್ಲಚ್ ಪ್ಲೇಟಿನ ಮೇಲೆ ಬೆರಳಾಡಿಸಿ ಇದು ಒರಿಜಿನಲ್, ಇದು ಡೂಪ್ಲಿಕೇಟ್ ಅನ್ನುವ ಮನುಷ್ಯ. ಒಂದು ಕಾಲದಲ್ಲಿ ಉಡುಪಿಯಿಂದ ಕಾಸರಗೋಡಿನ ತನಕದ ಮೆಕ್ಯಾನಿಕ್‌ಗಳು ಫೋನ್ ಮಾಡಿ, "ನೋಣಯ್ಯಣ್ಣ, ಇದರ ನಂಬರ್ ಎಷ್ಟು?" ಅಂತ ಕೇಳಿದರೆ ಪುಸ್ತಕ ತೆರೆಯದೆ ಹತ್ತಂಕಿಯ ಪಾರ್ಟ್ ನಂಬರ್ ಒದರುತ್ತಿದ್ದ. ಈಗ ಕೇಳುವವರು ಯಾರು? ಹಳೆಯ ಧಣಿಯ ಮಗ ಜಿತೇಶ್ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಿಬಿಟ್ಟಿದ್ದಾನೆ. ಗಿರಾಕಿಗಳು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ, ಸಾಮಾನು ಕೊರಿಯರಿನಲ್ಲಿ ಹೋಗುತ್ತದೆ. ಜಿತೇಶ್ ಕೆಟ್ಟವನಲ್ಲ. "ನೋಣಯ್ಯಣ್ಣ, ನೀವು ಆರಾಮ ಇರಿ" ಅನ್ನುತ್ತಾನೆ. ಆರಾಮವಂತೆ ಆರಾಮ! ಬಾಯಿ ಮುಚ್ಚಿ ಎಂಟು ಗಂಟೆ ನಿಲ್ಲುವುದಕ್ಕಿಂತ ಲಾರಿಯಿಂದ ಟಯರ್ ಇಳಿಸುವುದು ಸುಲಭ.

ಮನೆಯಲ್ಲಾದರೂ ಮಾತಿಗೆ ಜನ ಇದ್ದಾರೆಯೇ ಅಂದರೆ, ಅದೂ ಇಲ್ಲ. ಬಿಜೈಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ, ಅಷ್ಟೇ. ಮೂವರು ತಂಗಿಯರ ಮದುವೆ ಮಾಡಿಸುವಾಗ "ನನಗೆಂತ ಅವಸರ" ಅಂದವನು. ಮೂರನೆಯವಳನ್ನು ಗಂಡನ ಮನೆಗೆ ಕಳಿಸಿ ತಿರುಗಿ ನೋಡಿದರೆ, ಅವನಿಗೆ ಹೆಣ್ಣು ಹುಡುಕುವ ಉಮೇದು ಯಾರಲ್ಲಿಯೂ ಉಳಿದಿರಲಿಲ್ಲ, ಅವನಲ್ಲಿಯೂ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಮೈಕು ಪುತ್ತೂರು, ಧರ್ಮಸ್ಥಳ, ಮೈಸೂರು ಅಂತ ಕೂಗುವಾಗ ಹಲ್ಲುಜ್ಜುತ್ತ, "ಆಯ್ತು, ನೀವು ಹೋಗಿ ಬನ್ನಿ, ನನಗೆ ಕೆಲಸ ಉಂಟು" ಅಂತ ಉತ್ತರ ಕೊಡುತ್ತಿದ್ದ. ನಗಬೇಡಿ. ದಿನವಿಡೀ ಅವನ ಕಿವಿಗೆ ಬಿದ್ದು ಅವನಿಂದ ಜವಾಬು ಪಡೆಯುತ್ತಿದ್ದ ದನಿ ಅದೊಂದೇ.

ಹೀಗಿರುವಾಗ, ಜುಲೈಯ ಒಂದು ಮಂಗಳವಾರ ಬೆನಿಟಾ ಟೀಚರ್ ಕೊಡೆ ಮಡಚುತ್ತ ಅಂಗಡಿಯ ಮೆಟ್ಟಿಲು ಹತ್ತಿದರು. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು, ಬಜಪೆಯವರು. ಹೊರಗೆ ಮಳೆಯಲ್ಲಿ ಅವರ ಹದಿನೆಂಟು ವರ್ಷ ಹಳೆಯ ಎತ್ತರದ ಎಸ್‌ಯುವಿ ನಿಂತಿತ್ತು.

"ಗಾಡಿಗೆ ಶಾಕ್ ಅಬ್ಸಾರ್ಬರ್ ಬೇಕು. ಮುಂದಿನ ಶಾಕ್ ಎರಡು, ಹಿಂದಿನದು ಎರಡು. ಒರಿಜಿನಲ್ಲೇ ಆಗ್ಬೇಕು."

ಜಿತೇಶ್ ಕೀ ಒತ್ತಿ ನೋಡಿ ತಲೆಯಾಡಿಸಿದ. "ಆ ಮಾಡೆಲ್ ನಿಂತು ಎಷ್ಟೋ ವರ್ಷ ಆಯ್ತು ಟೀಚರ್. ಬೇರೆ ಯಾವುದಾದ್ರೂ ಹಾಕಿ."

"ಎರಡು ಸಲ ಹಾಕಿ ಆಯ್ತು ಮಾರಾಯ. ನಾಲ್ಕು ತಿಂಗಳಲ್ಲಿ ಎಣ್ಣೆ ಸೋರ್ತದೆ, ಮತ್ತೆ ಅದೇ ಕುಲುಕಾಟ. ಹೊಂಡಕ್ಕೆ ಬಿದ್ರೆ ಏಟು ಸೀದಾ ಸೀಟಿಗೆ ಬರ್ತದೆ."

"ಹಾಗಾದ್ರೆ ಗಾಡಿಯನ್ನೇ ಕೊಟ್ಟುಬಿಡಿ."

"ಅದು ಆಗುದಿಲ್ಲ." ಯಾಕೆ ಆಗುವುದಿಲ್ಲ ಅಂತ ಅವರು ಹೇಳಲಿಲ್ಲ.

ರ‍್ಯಾಕುಗಳ ಹಿಂದಿನಿಂದ ನೋಣಯ್ಯ ಹೊರಗೆ ಬಂದ. ಗಾಡಿಯನ್ನು ಒಮ್ಮೆ ನೋಡಿದ, ನಾಲ್ಕು ನಂಬರ್‌ಗಳನ್ನು ಒಂದೇ ಉಸಿರಿಗೆ ಹೇಳಿದ. "ಎಡದ್ದು ಬಲದ್ದು ಬೇರೆ ಬೇರೆ, ಮತ್ತೆ ಕಂಪೆನಿ ಒಮ್ಮೆ ನಂಬರ್ ಬದಲಿಸಿದೆ. ಕಂಪ್ಯೂಟರಿಗೆ ಅದು ಗೊತ್ತಿಲ್ಲ. ನಾನು ಹುಡುಕ್ತೇನೆ. ಒಂದು ವಾರ ಬಿಟ್ಟು ಬನ್ನಿ."

ವಾರ ಬಿಟ್ಟು ಎಲ್ಲಿ, ಗುರುವಾರವೇ ಬಂದರು. ಆಮೇಲೆ ಶನಿವಾರ. ಮಂಗಳ, ಗುರು, ಶನಿ, ಹತ್ತೂವರೆಗೆ ಸರಿಯಾಗಿ. "ಪೇಟೆಯಲ್ಲಿ ಸ್ವಲ್ಪ ಕೆಲಸ ಉಂಟು, ಅದು ಮುಗಿಯುವ ತನಕ ಇಲ್ಲಿ ಕೂತ್ಕೊಳ್ಳಬಹುದಾ?" ಅಂದರು. ನೋಣಯ್ಯ ಸ್ಟೂಲು ಒರೆಸಿ ಇಟ್ಟ. ಎಂತ ಕೆಲಸ ಅಂತ ಅವನು ಕೇಳಲಿಲ್ಲ. ಗಿರಾಕಿಯ ಮನೆಯ ವಿಷಯ ಕೇಳುವುದು ಅವನ ಪದ್ಧತಿಯಲ್ಲ.

ಹುಡುಕಾಟ ಶುರುವಾಯಿತು. ಹುಬ್ಬಳ್ಳಿ, ಕಣ್ಣೂರು, ಕೊಯಮತ್ತೂರು. ತನ್ನಂತೆಯೇ ಕೌಂಟರಿನಲ್ಲಿ ತಲೆ ನರೆತವರಿಗೆಲ್ಲ ಫೋನ್ ಮಾಡಿದ. ಕೆಲವರು ತೀರಿಕೊಂಡಿದ್ದರು, ಕೆಲವರ ಅಂಗಡಿಯೇ ಇರಲಿಲ್ಲ. ಟೀಚರ್ ಪಕ್ಕದಲ್ಲಿ ಕೂತು ಅಂಗಡಿಯ ಪೇಪರಿನ ತಪ್ಪುಗಳಿಗೆ ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತಿದ್ದರು. ಮಳೆಗಾಲದ ಆಟಿ ತಿಂಗಳಲ್ಲಿ ಕೆಸುವಿನೆಲೆಯ ಪತ್ರೊಡೆ ಮಾಡಿ ತಂದರು. ನೋಣಯ್ಯ ಅವರಿಗೆ ಶಾಕ್ ಪರೀಕ್ಷೆ ಮಾಡುವುದನ್ನು ಕಲಿಸಿದ. "ಅಂಗೈಯಿಂದ ರಾಡನ್ನು ಒತ್ತಿ ಟೀಚರ್. ಕೆಟ್ಟದ್ದು ಒತ್ತಿದಲ್ಲೇ ಸತ್ತುಬೀಳ್ತದೆ. ಒಳ್ಳೆಯದು ನಿಮ್ಮ ಕೈಯನ್ನು ನಿಧಾನಕ್ಕೆ ವಾಪಸ್ ಎತ್ತಿಕೊಡ್ತದೆ." ಟೀಚರ್ ಎರಡು ಕೈ ಹಾಕಿ ಒತ್ತಿ, ಸೋತು, ಗಟ್ಟಿಯಾಗಿ ನಕ್ಕರು. ಆ ಅಂಗಡಿಯಲ್ಲಿ ಅಂಥ ನಗು ಕೇಳಿ ಎಷ್ಟು ಕಾಲವಾಗಿತ್ತೋ, ಜಿತೇಶ್ ಕಂಪ್ಯೂಟರ್ ಬಿಟ್ಟು ತಲೆಯೆತ್ತಿ ನೋಡಿದ. ಅಷ್ಟರಲ್ಲಿ ನೋಣಯ್ಯನಿಗೆ ವಾರದಲ್ಲಿ ಏಳು ದಿನ ಇರುವುದೇ ಮರೆತುಹೋಗಿತ್ತು, ಇದ್ದದ್ದು ಮೂರೇ.

ಸೆಪ್ಟೆಂಬರಿನಲ್ಲಿ ಸಾಮಾನು ಸಿಕ್ಕಿತು. ಪಾಲಕ್ಕಾಡಿನ ಹಳೆಯ ಪರಿಚಯದವನೊಬ್ಬ, ಮುಚ್ಚಿಹೋದ ಶೋರೂಮಿನ ಗೋದಾಮಿನಲ್ಲಿ ನಾಲ್ಕೂ ಇವೆ, ಪೆಟ್ಟಿಗೆ ಒಡೆದಿಲ್ಲ ಅಂದ. ನೋಣಯ್ಯ ತನ್ನ ಕೈಯಿಂದಲೇ ದುಡ್ಡು ಕಳಿಸಿದ. ಭಾನುವಾರ ಬೆಳಿಗ್ಗೆ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದದ್ದನ್ನು ಹೆಗಲ ಮೇಲೆ ಹೊತ್ತು ಕೋಣೆಗೆ ತಂದ. ಒಂದನ್ನು ನೆಲಕ್ಕೆ ಊರಿ ಅಂಗೈಯಲ್ಲಿ ಒತ್ತಿದ. ಮೇಲೆ ಬಂತು ನೋಡಿ, ಎಷ್ಟು ನಿಧಾನ, ಎಷ್ಟು ಮರ್ಯಾದೆ! "ಟೀಚರ್, ನೋಡಿ!" ಅಂತ ಬಾಯಿಂದ ಹೊರಟೇಹೋಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ.

ಆಗ ಅವನಿಗೆ ವಿಷಯ ಹೊಳೆಯಿತು. ಮಂಗಳವಾರ ಇದನ್ನು ಕೊಟ್ಟರೆ, ಬುಧವಾರ ಗ್ಯಾರೇಜಿನ ಅರ್ಶದ್ ಹಾಕಿಕೊಡುತ್ತಾನೆ. ಗುರುವಾರ? ಗುರುವಾರ ಟೀಚರಿಗೆ ಇಲ್ಲಿ ಎಂತ ಕೆಲಸ? ಅವನು ಪೆಟ್ಟಿಗೆಯ ಬಾಯಿ ಮುಚ್ಚಿ, ಕಾಲಿನಿಂದ ಮಂಚದಡಿಗೆ ತಳ್ಳಿದ.

"ಎಂತ ನೋಣಯ್ಯನವರೇ, ಏನಾದ್ರೂ ಸುದ್ದಿ ಉಂಟಾ?" ಮಂಗಳವಾರ ಬಂದವರೇ ಟೀಚರ್ ಕೇಳಿದರು.

"ಇಲ್ಲ ಟೀಚರ್." ನಾಲಿಗೆ ಸ್ವಲ್ಪವೂ ತಡವರಿಸಲಿಲ್ಲ. ಅದೇ ಅವನಿಗೆ ಆಶ್ಚರ್ಯ.

ಈ ವಾರ ಇರಲಿ, ಮುಂದಿನ ವಾರ ಕೊಟ್ಟರಾಯಿತು ಅಂದುಕೊಂಡ. ಮುಂದಿನ ವಾರ ಬಂತು, ಹೋಯಿತು. ಯಾರ ಗಂಟು ಹೋಗುತ್ತದೆ? ಒಂದು ಗಾಡಿ ಸ್ವಲ್ಪ ಕುಲುಕಿದರೆ ಯಾರ ಪ್ರಾಣ ಹೋಗುತ್ತದೆ? ಹಾಗೆ ತನಗೆ ತಾನೇ ವಕೀಲನಾಗಿ ಐದು ವಾರ ತಳ್ಳಿದ. ಮಲಗುವಾಗ ಮಾತ್ರ ಮಂಚದಡಿಯ ಪೆಟ್ಟಿಗೆ ಬೆನ್ನಿಗೆ ಒತ್ತಿದ ಹಾಗಾಗುತ್ತಿತ್ತು.

ಅಕ್ಟೋಬರಿನ ಒಂದು ಶನಿವಾರ ಟೀಚರ್ ಹತ್ತೂವರೆಗೆ ಬರಲಿಲ್ಲ. ನೋಣಯ್ಯ ಹನ್ನೆರಡರ ತನಕ ಏಳು ಸಲ ಬಾಗಿಲಿಗೆ ಬಂದುಹೋದ. ಎರಡೂವರೆಗೆ ಗಾಡಿ ಬಂತು. ಟೀಚರ್ ಎಂಜಿನ್ ಬಂದ್ ಮಾಡದೆ ಇಳಿದು, "ಇವತ್ತು ಕೂರ್ಲಿಕ್ಕೆ ಆಗುದಿಲ್ಲ, ಸುದ್ದಿ ಉಂಟಾ ಅಂತ ಕೇಳಿ ಹೋಗುವ ಅಂತ ಬಂದೆ" ಅಂದರು. ಎರಡು ನಿಮಿಷವಾದರೂ ಅವರನ್ನು ನಿಲ್ಲಿಸಬೇಕಲ್ಲ! "ಬನ್ನಿ, ಗಾಡಿಯ ಕೆಳಗೆ ಆ ನಂಬರ್ ಇನ್ನೊಮ್ಮೆ ನೋಡ್ತೇನೆ" ಅಂತ ಸುಳ್ಳು ನೆಪ ತೆಗೆದು ಅವರ ಹಿಂದೆಯೇ ರಸ್ತೆಗೆ ಇಳಿದ.

ಮುಂದಿನ ಸೀಟಿನಲ್ಲಿ ಒಬ್ಬ ಗಂಡಸು ಇದ್ದ. ಐವತ್ತೈದರ ಆಸುಪಾಸು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಬೆನ್ನಿಗೊಂದು ದಿಂಬು, ಕೆಳಗೊಂದು ದಿಂಬು. ಒಂದು ತೋಳಿಗೆ ಆಸ್ಪತ್ರೆಯ ಪಟ್ಟಿ. ಇನ್ನೊಂದು ಕೈ ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿತ್ತು, ಗಾಡಿ ನಿಂತಿದ್ದರೂ.

"ನನ್ನ ತಮ್ಮ, ಸಿರಿಲ್" ಅಂದರು ಟೀಚರ್.

"ಓ, ನೋಣಯ್ಯಣ್ಣ ಅಂದ್ರೆ ನೀವಾ?" ಸಿರಿಲ್ ನಕ್ಕ. "ಮನೆಯಲ್ಲಿ ಅಕ್ಕನಿಗೆ ನಿಮ್ಮದೇ ಸುದ್ದಿ. ನನಗೆ ಕಿಡ್ನಿ ಇಲ್ಲ, ವಾರಕ್ಕೆ ಮೂರು ಸಲ ಡಯಾಲಿಸಿಸ್. ಇವತ್ತು ಬಿ.ಪಿ. ಇಳಿದು ಅಕ್ಕ ಪಕ್ಕದಲ್ಲೇ ಇರ್ಬೇಕಾಯ್ತು. ಬೇಸಗೆಯಲ್ಲಿ ಬಿದ್ದು ಸೊಂಟವೂ ಮುರೀತು. ಸಣ್ಣ ಕಾರಿಗೆ ಬಗ್ಗಿ ಹತ್ತಲಿಕ್ಕೆ ಆಗುದಿಲ್ಲ, ಇದರ ಸೀಟು ಗಾಲಿಕುರ್ಚಿಯಿಂದ ಜಾರಿ ಕೂರುವ ಎತ್ತರಕ್ಕೆ ಸರೀ ಉಂಟು. ಆದ್ರೆ ಈ ಏಟು ಮಾರಾಯ್ರೆ! ಬಜಪೆಯಿಂದ ಇಲ್ಲಿಗೆ ದೊಡ್ಡ ಹೊಂಡ ಮೂವತ್ತೊಂದು. ಎಣಿಸ್ತಾ ಬಂದ್ರೆ ನೋವು ಸ್ವಲ್ಪ ಕಡಿಮೆ ಅಂತ ಎಣಿಸ್ತೇನೆ. ಆದಷ್ಟು ಬೇಗ ನೋಡಿ, ಆಯ್ತಾ?"

ನೋಣಯ್ಯ ಮನಸ್ಸಿನಲ್ಲೇ ಎಣಿಸಿದ. ಐದು ವಾರ, ವಾರಕ್ಕೆ ಮೂರು ದಿನ, ಹೋಗುವುದೊಮ್ಮೆ ಬರುವುದೊಮ್ಮೆ. "ಹತ್ತು ನಿಮಿಷ ನಿಲ್ಲಿ ಟೀಚರ್, ಎಲ್ಲಿಗೂ ಹೋಗ್ಬೇಡಿ" ಅಂದವನೇ ಕೈ ಬೀಸಿ ರಿಕ್ಷಾ ನಿಲ್ಲಿಸಿದ.

ಬಿಜೈಗೆ ಹೋಗಿ ಪೆಟ್ಟಿಗೆ ಎತ್ತಿಕೊಂಡು ವಾಪಸ್ ಬರುವಾಗ ರಿಕ್ಷಾದಲ್ಲಿ ಎರಡು ಮಾತುಗಳು ಅವನ ಬಾಯಲ್ಲಿದ್ದವು, ಒಂದು ನಿಜ, ಒಂದು ಸುಳ್ಳು. 'ಈಗಷ್ಟೇ ಬಸ್ಸಿನಲ್ಲಿ ಬಂತು' ಅಂದರೆ ಮುಗಿಯಿತು. ಟೀಚರ್ ಕುಣಿದಾಡಿಯಾರು. ಪಾರ್ಸೆಲ್ ಚೀಟಿಯಲ್ಲಿ ತಾರೀಕು ಇತ್ತು. ಅದನ್ನು ಉಗುರಿನಿಂದ ಕೆರೆದು ತೆಗೆಯಲು ಒಂದು ಸಿಗ್ನಲ್ಲಿನಲ್ಲಿ ನಿಂತಷ್ಟು ಹೊತ್ತು ಸಾಕು. ಉಗುರು ಚೀಟಿಯ ಅಂಚಿಗೆ ಹೋಯಿತು. ಹಿಡಿಯನ್ನು ಹಿಡಿದ ಆ ಕೈ ಕಣ್ಣಿಗೆ ಕಟ್ಟಿ, ಉಗುರು ಅಲ್ಲೇ ನಿಂತಿತು.

ಪೆಟ್ಟಿಗೆ ಕಂಡದ್ದೇ ಟೀಚರ ಮುಖ ಅರಳಿತು. "ಅಯ್ಯೋ ದೇವರೇ, ಸಿಕ್ಕಿತಾ! ಯಾವಾಗ ಬಂತು?"

"ಐದು ವಾರ ಆಯ್ತು ಟೀಚರ್."

ಟೀಚರಿಗೆ ಅರ್ಥವಾಗಲಿಲ್ಲ. ಚೀಟಿ ನೋಡಿದರು, ಅವನ ಮುಖ ನೋಡಿದರು. "ಯಾಕೆ?"

"ಕೊಟ್ರೆ ನೀವು ಬರುದು ನಿಲ್ತದೆ ಅಂತ." ಅವನು ತಲೆಯೆತ್ತಲಿಲ್ಲ. "ನನ್ನ ಹತ್ರ ಮಾತಾಡುವವರು ಬೇರೆ ಯಾರೂ ಇಲ್ಲ ಟೀಚರ್. ಇವರಿದ್ದಾರೆ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಸತ್ರೂ ಹೀಗೆ ಮಾಡ್ತಿರ್ಲಿಲ್ಲ."

ಟೀಚರ್ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಒಂದು ಪಾರ್ಟಿಗೋಸ್ಕರ ಯಾರಾದ್ರೂ ವಾರಕ್ಕೆ ಮೂರು ಸಲ ಬರ್ತಾರಾ ನೋಣಯ್ಯನವರೇ?" ಅಂದರು ಮೆಲ್ಲಗೆ. "ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ. ಅವನನ್ನು ಮೆಷಿನಿಗೆ ಹಾಕಿದ ಮೇಲೆ ನಾಲ್ಕು ಗಂಟೆ ನಾನು ಎಲ್ಲಿಗೆ ಹೋಗ್ಲಿ? ಹೋದಲ್ಲೆಲ್ಲ 'ತಮ್ಮ ಹೇಗಿದ್ದಾನೆ' ಅಂತ ಕೇಳ್ತಾರೆ. ಇಲ್ಲಿ ಯಾರೂ ಕೇಳ್ತಿರ್ಲಿಲ್ಲ. ಅದಕ್ಕೇ ನಾನೂ ಹೇಳ್ಲಿಲ್ಲ. ಇದು ಸಿಕ್ಕಿದ ಮೇಲೂ ನಾನು ಬರ್ತಿದ್ದೆ."

ಬರ್ತಿದ್ದೆ ಅಂದರು, ಬರ್ತೇನೆ ಅನ್ನಲಿಲ್ಲ. ನೋಣಯ್ಯ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿ ಇಟ್ಟು ಬಾಗಿಲು ಮುಚ್ಚಿದ. ಏರಿಸಿದ ಗಾಜಿನ ಆಚೆ ಏನೂ ಕೇಳಿಸದ ಸಿರಿಲ್, ಪೆಟ್ಟಿಗೆ ನೋಡಿ ಪಟ್ಟಿ ಕಟ್ಟಿದ ಕೈಯನ್ನೇ ಕಷ್ಟಪಟ್ಟು ಎತ್ತಿ ಅವನಿಗೆ ಮುಗಿದ.

ಸೋಮವಾರ ಅರ್ಶದ್ ನಾಲ್ಕನ್ನೂ ಹಾಕಿದ. ನೋಣಯ್ಯ ಪಾಲಕ್ಕಾಡಿಗೆ ಕೊಟ್ಟಿದ್ದ ದುಡ್ಡನ್ನು ಟೀಚರ್ ಅರ್ಶದ್ ಕೈಯಲ್ಲೇ ಕಳಿಸಿದರು. ಮಂಗಳವಾರ ಹತ್ತೂವರೆಯಾಯಿತು, ಹನ್ನೊಂದಾಯಿತು, ಯಾರೂ ಬರಲಿಲ್ಲ. ಗುರುವಾರವೂ ಇಲ್ಲ, ಶನಿವಾರವೂ ಇಲ್ಲ. ಫೋನ್ ಕೈಗೆ ತೆಗೆದುಕೊಂಡು ಅವರ ನಂಬರ್ ನೋಡುತ್ತಿದ್ದ, ಮತ್ತೆ ಜೇಬಿಗೆ ಹಾಕುತ್ತಿದ್ದ. ಎಂತ ಅಂತ ಹೇಳುವುದು?

ನವೆಂಬರಿನಲ್ಲಿ ಅರ್ಶದ್ ಏನೋ ಬುಷ್ ಬೇಕು ಅಂತ ಅಂಗಡಿಗೆ ಬಂದ. "ನೋಣಯ್ಯಣ್ಣ, ಟೀಚರ ಗಾಡಿ ಈಗ ಎಂತ ಚಂದ ಹೋಗ್ತದೆ ಗೊತ್ತುಂಟಾ! ಅವರ ತಮ್ಮ ವಾಪಸ್ ಹೋಗುವಾಗ ನಿದ್ದೆ ಮಾಡ್ತಾರಂತೆ. ಇಡೀ ದಾರಿ."

ನೋಣಯ್ಯನಿಗೆ ಸಂತೋಷವಾಯಿತು, ನಿಜವಾಗಿ ಆಯಿತು. ಬುಷ್ ತೆಗೆದು ಕೌಂಟರಿನ ಮೇಲಿಟ್ಟು ಕೇಳಿದ: "ಆ ನಾಲ್ಕು ಗಂಟೆ ಟೀಚರ್ ಎಲ್ಲಿರ್ತಾರೆ?"

"ಆಸ್ಪತ್ರೆಯ ಹೊರಗಿನ ಮೆಟ್ಟಿಲಲ್ಲಿ. ನಾನು ಆ ಕಡೆ ಹೋಗುವಾಗೆಲ್ಲ ಕಾಣ್ತೇನೆ. ಬಿಸಿಲಿರಲಿ, ಮಳೆಯಿರಲಿ, ಅಲ್ಲೇ ಒಂದು ಮೂಲೆಯಲ್ಲಿ ಒಬ್ಬರೇ ಕೂತಿರ್ತಾರೆ. ನಮ್ಮ ಗ್ಯಾರೇಜಿಗೆ ಬನ್ನಿ ಟೀಚರ್, ಫ್ಯಾನಿನಡಿಯಲ್ಲಿ ಕೂತ್ಕೊಳ್ಳಿ ಅಂದೆ. ಬೇಡ ಮಾರಾಯ, ಇನ್ನೊಮ್ಮೆ ಯಾವ ಜಾಗದ್ದೂ ಅಭ್ಯಾಸ ಆಗುದು ಬೇಡ ಅಂದ್ರು."